ನೆಟ್ಟಗಿರುವ ಗೋಡೆ, ಬಲಕ್ಕೆ ವಾಲಿದ ಓಣಿ

ಬೋರ್‌ವೆಲ್ಲುಗಳ ಮತ್ತು ಕಾಂಪೌಂಡ್ ಗೋಡೆಗಳ ಉಸ್ತುವಾರಿ ಹೊತ್ತ ಇಂಜಿನಿಯರ್ ಸಾಹೇಬರಿಗೆ,

ಮಾನ್ಯರೇ, ತಮ್ಮ ಗೋಡೆ ನೆಟ್ಟಗಿದೆ, ನನ್ನ ಮಗಳು ಸೊಟ್ಟಗಾಗಿದ್ದಾಳೆ. ಇವೆರಡಕ್ಕೂ ಏನು ಸಂಬಂಧ ಎಂದು ತಾವು ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ, ಯಾಕೆಂದರೆ ತಾವು ಕೇಳುವುದಿಲ್ಲ. ನಾನು ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವನು, ಹರಿಹರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ತಿದ್ದುವ ಅಭ್ಯಾಸ ಕಚೇರಿಯಲ್ಲಿ ಇದ್ದರೆ.

ನಮ್ಮ ಓಣಿಯ ಬೋರಿನ ಕೈಪಂಪು ಮೊದಲು ಬಯಲಿನಲ್ಲಿತ್ತು. ಹೆಂಗಸರು ಹಿಡಿಯ ತುದಿಗೆ ನಿಂತು, ಎರಡೂ ಕೈಯಿಂದ ಒತ್ತಿ ನೀರು ಹೊಡೆಯುತ್ತಿದ್ದರು. ತೊಂಬತ್ತೇಳರಲ್ಲಿ ದಾವಣಗೆರೆ ಜಿಲ್ಲೆಯಾಯಿತು, ನಾವೂ ಅದಕ್ಕೆ ಸೇರಿದೆವು, ಪಟಾಕಿ ಹೊಡೆದೆವು. ಅದರ ಬೆನ್ನಿಗೇ, ಮುಂದೆಂದೋ ಬರಲಿರುವ ಯಾವುದೋ ಕಚೇರಿಗೆಂದು ಪಕ್ಕದ ಖಾಲಿ ಜಾಗಕ್ಕೆ ಗೋಡೆ ಬಂತು. ಕಚೇರಿ ಇನ್ನೂ ಬಂದಿಲ್ಲ. ಒಳಗೆ ಜಾಲಿ ಗಿಡ ಸೊಂಪಾಗಿ ಬೆಳೆದಿದೆ, ಅದನ್ನು ಯಾರೂ ಕದಿಯದಂತೆ ಗೋಡೆ ಕಾಯುತ್ತಿದೆ. ಆ ಗೋಡೆಯ ಮೂಲೆ ನಮ್ಮ ಪಂಪಿನ ಹಿಡಿಯನ್ನು ಎರಡು ಕಡೆಯಿಂದ ಅಪ್ಪಿಕೊಂಡಿದೆ. ಹಿಡಿಯ ತುದಿಗೂ ಗೋಡೆಗೂ ಒಂದು ಗೇಣು, ಒಂದು ಮಗ್ಗುಲಿಗೂ ಅಷ್ಟೇ. ಮನುಷ್ಯರಿಗೆ ಉಳಿದಿರುವುದು ಇನ್ನೊಂದು ಮಗ್ಗುಲು ಮಾತ್ರ. ಅಲ್ಲಿ ನಿಂತವರು ಬಲಗೈ ಒಂದರಿಂದಲೇ, ನಡುವನ್ನು ಬಲಕ್ಕೆ ಬಗ್ಗಿಸಿ ಹೊಡೆಯಬೇಕು. ಹೊಡೆದು ಬಲಗೈ ಸೋತಿರುತ್ತದಲ್ಲ, ತುಂಬಿದ ಕೊಡ ಎಡ ಸೊಂಟಕ್ಕೆ ಏರುತ್ತದೆ. ಎರಡು ವರ್ಷದಿಂದ ಇಡೀ ಓಣಿ ಇದೇ ಕಸರತ್ತು ಮಾಡುತ್ತಿದೆ. ಗರಡಿಮನೆಯವರೂ ಎರಡು ಕಡೆ ಸಮ ನೋಡಿ ಸಾಮು ತೆಗೆಯುತ್ತಾರೆ, ಸ್ವಾಮಿ.

ನನ್ನ ಹೆಂಡತಿ ಬೆಳಗ್ಗೆಯೇ ಗುತ್ತೂರಿನ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಹೋಗುವುದರಿಂದ ನೀರು ತರುವವಳು ಮಗಳು ರೂಪಶ್ರೀ. ಹದಿಮೂರು ವರ್ಷ. ಈ ವರ್ಷ ಅವಳ ಶಾಲೆ ಚೀಲ ಬಲಭುಜದಿಂದ ಜಾರತೊಡಗಿತು. ಪಟ್ಟಿ ಹೊಲಿಸಿದೆ. ಮತ್ತೆ ಜಾರಿತು. ಚೀಲವನ್ನೇ ಬದಲಿಸಿದೆ. ಹೊಸ ಚೀಲವೂ ಜಾರಿದಾಗ ನನ್ನ ಎದೆ ಜಾರಿತು. ನಾನು ಮೊದಲೇ ಹೆದರುವ ಪೈಕಿ. ಅವಳನ್ನು ಬಾಗಿಲಿಗೆ ನಿಲ್ಲಿಸಿ ನೋಡಿದೆ. ಬಲಭುಜ ಇಳಿದಿದೆ, ಎಡ ಸೊಂಟ ಏರಿದೆ, ಬೆನ್ನು ನಡುವೆ ಒಂದಿಷ್ಟು ಓರೆಯಾಗಿದೆ. ಪೋಲಿಯೋ ಅಂದುಕೊಂಡೆ, ಬೆನ್ನುಮೂಳೆಯ ಟಿ.ಬಿ. ಅಂದುಕೊಂಡೆ, ಯಾರದೋ ದೃಷ್ಟಿ ಎಂದೂ ಅಂದುಕೊಂಡೆ. ತಮ್ಮ ಗೋಡೆ ಎಂದು ಮಾತ್ರ ಹೊಳೆಯಲಿಲ್ಲ.

ದಾವಣಗೆರೆಗೆ ಕರೆದೊಯ್ದೆ. ಅಲ್ಲಿನ ಫಿಜಿಯೋಥೆರಪಿ ಡಾಕ್ಟರಮ್ಮ ಮುಟ್ಟಿ, ಬಗ್ಗಿಸಿ ನೋಡಿ ಹೇಳಿದರು: "ಮೂಳೆಗೆ ಏನೂ ಆಗಿಲ್ಲ, ಗಾಬರಿಯಾಗಬೇಡಿ. ಬಲಗಡೆಯ ಸ್ನಾಯು ಬಿಗಿಯಾಗಿ ಗಿಡ್ಡವಾಗಿದೆ, ಎಡಗಡೆಯದು ಹಿಗ್ಗಿ ಸಡಿಲವಾಗಿದೆ. ಬಿಗಿಯಾದ ಕಡೆಗೆ ಮೈ ವಾಲುತ್ತದೆ. ಬೆಳೆಯುವ ಹುಡುಗಿ, ಈಗ ಸರಿಮಾಡಿದರೆ ಸರಿಹೋಗುತ್ತದೆ. ಬಿಟ್ಟರೆ ಈ ವಾಲಿಕೆಯೇ ಅಭ್ಯಾಸವಾಗಿ ಕೂತುಬಿಡುತ್ತದೆ, ನೋವು ಜೊತೆಗಿರುತ್ತದೆ."

ನನಗೆ ತಕ್ಷಣ ಅರ್ಥವಾಯಿತು. ಸೈಕಲ್ಲಿನ ಚಕ್ರದಲ್ಲಿ ಒಂದು ಕಡೆಯ ಕಡ್ಡಿಗಳು ಬಿಗಿಯಾಗಿ ಇನ್ನೊಂದು ಕಡೆಯವು ಸಡಿಲಾದರೆ ರಿಮ್ಮು ಔಟ್ ಆಗಿ ಒಂದು ಕಡೆಗೆ ವಾಲುತ್ತದೆ, ಗೊತ್ತಿಲ್ಲವೇ? ಡಾಕ್ಟರಮ್ಮ ತೋರಿಸಿಕೊಟ್ಟ ವ್ಯಾಯಾಮವನ್ನು ಅರ್ಧ ಕೇಳಿ, ಉಳಿದದ್ದನ್ನು ನನ್ನ ಬುದ್ಧಿಗೆ ಬಿಟ್ಟೆ. ಸಡಿಲಾದ ಕಡೆಯನ್ನು ಬಿಗಿ ಮಾಡಿದರಾಯಿತು ಎಂದು, ಹಳೆಯ ಪೆಡಲು, ಫ್ರೀವೀಲು ತುಂಬಿದ ಚೀಲವನ್ನು ಮಗಳ ಎಡಗೈಗೆ ಕೊಟ್ಟು ಮನೆತುಂಬ ನಡೆಸಿದೆ.

"ಅಪ್ಪಾಜಿ, ಕೈ ಬಿದ್ದೋಗ್ತೈತೆ. ನಾನೇನು ಸೈಕಲ್ಲಾ?"

"ಸುಮ್ನಿರವ್ವ, ಬ್ಯಾಲೆನ್ಸ್ ಆಗ್ತೈತೆ."

ವಾರದೊಳಗೆ ಎಡಗಡೆಯ ಕುತ್ತಿಗೆಯೂ ಹಿಡಿದುಕೊಂಡಿತು. ಡಾಕ್ಟರಮ್ಮ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಮೊದಲು ಬಿಗಿಯಾದದ್ದು ಸಡಿಲಾಗಬೇಕು, ಆಮೇಲೆ ನಿಧಾನಕ್ಕೆ ಎರಡೂ ಕಡೆಗೆ ಸಮನಾಗಿ ಬಲ ಬರಬೇಕು. ದಿನಾ ಬೆಳಗ್ಗೆ ಅದೇ ಪಂಪಿಗೆ ನೇತುಬಿದ್ದರೆ ಸಂಜೆಯ ವ್ಯಾಯಾಮದಿಂದ ಏನು ಉಪಯೋಗ ಎಂದರು. ಇದೇ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ.

ಅಂದಿನಿಂದ ನೀರಿಗೆ ನಾನೇ ಹೋಗುತ್ತೇನೆ. ನಮ್ಮ ಓಣಿಯಲ್ಲಿ ಗಂಡಸು ಪಂಪಿಗೆ ಬರುವುದೆಂದರೆ ಸಣ್ಣ ವಿಷಯವಲ್ಲ. "ಏನ್ ಕೊಟ್ಟೂರೇಶಣ್ಣ, ಕೊಡ ಸೊಂಟಕ್ಕೆ ಇಟ್ಕಂತೀಯೋ, ಕ್ಯಾರಿಯರಿಗೆ ಕಟ್ತೀಯೋ?" ಎಂದು ಎದುರುಮನೆಯ ದುರುಗವ್ವ ದಿನಾ ಕೇಳುತ್ತಾಳೆ. ಕೇಳುವಾಗ ಅವಳ ಬಲಭುಜವೂ ಕೆಳಗೇ ಇರುತ್ತದೆ. ಅವಳಿಗೆ ಅರವತ್ತು, ಅವಳದು ನಡೆದುಹೋಯಿತು ಎನ್ನಿ. ಆದರೆ ಅವಳ ಹಿಂದೆ ಈಗೀಗ ಒಂಬತ್ತು ವರ್ಷದ ಮೊಮ್ಮಗಳೂ ಸಣ್ಣ ಕೊಡ ಹಿಡಿದು ಸರದಿಗೆ ನಿಲ್ಲುತ್ತಿದ್ದಾಳೆ.

ನಮ್ಮ ಅರ್ಜಿಯ ಮೇಲೆ ತಾವು ದಯಮಾಡಿ ಒಮ್ಮೆ ಜೀಪಿನಲ್ಲಿ ಬಂದಿದ್ದಿರಿ, ನೆನಪಿರಬಹುದು. ಪಂಪು ಹೊಡೆಸಿ ನೋಡಿ, "ನೀರು ಬರ್ತಾ ಇದೆ. ಗೋಡೆಯೂ ಸರಿ ಇದೆ. ತಕರಾರೇನು?" ಎಂದಿರಿ.

"ಹೌದ್ರಿ ಸಾಹೇಬ್ರೆ, ಬೋರೂ ಸರಿ ಐತೆ, ಗೋಡೇನೂ ಸರಿ ಐತೆ," ಎಂದಳು ದುರುಗವ್ವ. "ನಡುವೆ ನಿಂತೋರು ಸರಿ ಇಲ್ಲ ನೋಡ್ರಿ."

"ಎಡಗೈಯಲ್ಲೂ ಹೊಡೀರಮ್ಮ, ಸಮ ಆಗುತ್ತೆ."

"ಹೆಂಗ್ರಿ? ಒಂದೀಟು ತೋರಿಸ್ರಿ."

ತಾವು ತೋರಿಸಿದಿರಿ. ಅದಕ್ಕೆ ಓಣಿ ಋಣಿಯಾಗಿದೆ. ಎಡಗೈಗೆ ಹಿಡಿ ಸಿಗಬೇಕೆಂದರೆ ಕೊಡಕ್ಕೆ ಬೆನ್ನು ಹಾಕಿ, ಗೋಡೆಗೆ ಮೂಗು ತಾಗಿಸಿ ನಿಲ್ಲಬೇಕು. ಕೊಡ ತುಂಬಿದ್ದು ತಮಗೆ ಗೊತ್ತಾದದ್ದು ನೀರು ಬೂಟಿನೊಳಗೆ ಇಳಿದಾಗ. "ಪ್ರಾಕ್ಟೀಸ್ ಆಗಬೇಕು" ಎಂದು ಜೀಪು ಹತ್ತಿದಿರಿ. ಮಾನ್ಯರೇ, ಪ್ರಾಕ್ಟೀಸ್ ಆಗಿದ್ದರಿಂದಲೇ ಅಲ್ಲವೇ ನಾವೆಲ್ಲ ಹೀಗಾಗಿರುವುದು?

ಗೋಡೆ ಒಡೆಯಿರಿ ಎಂದು ನಾನು ಕೇಳುವುದಿಲ್ಲ. ಜಾಲಿ ಗಿಡಗಳು ಸುರಕ್ಷಿತವಾಗಿರಲಿ. ಪಂಪಿನ ಮೇಲಿನ ಭಾಗದ ಬೋಲ್ಟು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಹಿಡಿ ಓಣಿಯ ಕಡೆಗೆ ಬರುತ್ತದೆ, ನೀರು ಗೋಡೆಯ ಕಡೆಗೆ ಬೀಳುತ್ತದೆ. ಹಿಡಿ ತೆರವಾದ ಮೇಲೆ ಅಲ್ಲಿ ಕೊಡಕ್ಕೆ ಜಾಗ ಬೇಕಾದಷ್ಟಿದೆ, ಇಲ್ಲಿ ಮನುಷ್ಯರಿಗೆ. ತಮ್ಮ ಕಚೇರಿಯಲ್ಲಿ ಇದನ್ನು ಹೇಳಿದಾಗ ಗುಮಾಸ್ತರು, "ಎಸ್ಟಿಮೇಟ್ ಆಗಬೇಕು. ನೀವಾಗೇ ಸರ್ಕಾರಿ ಪಂಪು ಮುಟ್ಟಿದರೆ ಕೇಸಾಗುತ್ತೆ, ನೋಡ್ರಿ" ಎಂದರು. ನಾನು ಅಲ್ಲೇ ಬೆವತು, ನೀರು ಕೇಳಿ ಕುಡಿದು ಬಂದೆ.

ಮನೆಗೆ ಬಂದು ಯೋಚಿಸಿದೆ. ಎಸ್ಟಿಮೇಟ್ ತನ್ನ ಸಮಯಕ್ಕೆ ಬರುತ್ತದೆ, ನನ್ನ ಮಗಳ ಬೆಳವಣಿಗೆ ಅದಕ್ಕೆ ಕಾಯುವುದಿಲ್ಲ. ನಾಳೆ ನನ್ನ ಬೆನ್ನೂ ಹಿಡಿದುಕೊಂಡರೆ ಕೊಡ ಮತ್ತೆ ಅವಳ ಸೊಂಟಕ್ಕೇ. ಆದ್ದರಿಂದ ಬೇಡಿಕೆ ಇಷ್ಟು: ಬರುವ ಸೋಮವಾರದೊಳಗೆ ಪಂಪು ತಿರುಗಿಸಿಕೊಡಿ. ಇಲ್ಲವಾದರೆ ಸೋಮವಾರ ಬೆಳಗ್ಗೆ ನನ್ನ ಪಾನಾ ತೆಗೆದುಕೊಂಡು ಹೋಗಿ ನಾನೇ ಬಿಚ್ಚುತ್ತೇನೆ. ಕದ್ದು ಮಾಡುವ ಧೈರ್ಯ ನನಗಿಲ್ಲ, ಅದಕ್ಕೇ ಮುಂಚಿತವಾಗಿ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಬರೆದು ತಿಳಿಸುತ್ತಿದ್ದೇನೆ. ಭಾರ ಎತ್ತಿ ಹಿಡಿಯಲು ದುರುಗವ್ವ ಮತ್ತು ಓಣಿಯ ಹೆಂಗಸರು ಒಪ್ಪಿದ್ದಾರೆ. ಅವರ ಬಲಗೈಯಲ್ಲಿ ತಮ್ಮ ದಯೆಯಿಂದ ಶಕ್ತಿಗೆ ಕೊರತೆಯಿಲ್ಲ. ಪೊಲೀಸರನ್ನು ಕಳಿಸುವುದಾದರೆ ಒಂಬತ್ತು ಗಂಟೆಯ ಮೇಲೆ ಕಳಿಸಿ. ಅಷ್ಟರಲ್ಲಿ ಬೋಲ್ಟು ಬಿಗಿದು ಮುಗಿದಿರುತ್ತದೆ, ಓಣಿ ನೀರು ತುಂಬಿಕೊಂಡಿರುತ್ತದೆ, ಮಗಳು ಶಾಲೆಗೆ ಹೋಗಿರುತ್ತಾಳೆ. ನನ್ನನ್ನು ಜೀಪಿಗೆ ಹತ್ತಿಸುವುದನ್ನು ಅವಳು ನೋಡುವುದು ಬೇಡ.

ಇಂತಿ,
ಹೆದರುವ ಪೈಕಿಯವನಾದರೂ ಸೋಮವಾರ ಬರಲಿರುವ,
ಸೈಕಲ್ ಶಾಪ್ ಕೊಟ್ಟೂರೇಶ್
ಹರಿಹರ