ಬಳೆ ಇದ್ದವರಿಗೆ ಜಾಗವಿಲ್ಲ

ಆಳಂದ, ಅಕ್ಟೋಬರ್ 4, 1948. ಮಧ್ಯಾಹ್ನ

...ಮತ್ತೆ ಹೋಳಿಗೆ ಹರಿಯಿತು! ಅತ್ತೆ ನಕ್ಕರು. "ನರ್ಮದಾ, ಸೋಲಾಪುರದ ಕಾನ್ವೆಂಟಿನ್ಯಾಗ ಕಣಕ ನಾದೋದು ಕಲಿಸಂಗಿಲ್ಲೇನ?" ಇಲ್ಲ. ಅಲ್ಲಿ ಕಲಿಸಿದ್ದು ಪಿಯಾನೋ. ಇವರು — ವ್ಯಂಕಟೇಶ, ವ್ಯಂಕಟೇಶ! ಹೆಸರು ಬಾಯಿಬಿಟ್ಟು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಂತೆ, ಬರೆದರೆ ಏನೂ ಆಗದು — ಹರಿದ ಹೋಳಿಗೆಯನ್ನೇ ಕೇಳಿ ಹಾಕಿಸಿಕೊಂಡರು. ಡಾರ್ಲಿಂಗ್!

ಮದುವೆಯಾದ ಮೇಲೆ ಮೊದಲ ನವರಾತ್ರಿ, ಆದರೆ ಹೊಸ ಬಳೆ ಇಲ್ಲ. ಬಳೆಗಾರ ಮೌಲಾಲಿ ಕಾಣೆ. ನನ್ನ ಮದುವೆಯ ಬಳೆ ಇಡಿಸಿದವನು ಅವನೇ. ಹೋದ ತಿಂಗಳು ಹಿಂದೂಸ್ಥಾನದ ಮಿಲಿಟರಿ ಬಂತು, ನಿಜಾಮನ ರಜಾಕಾರರು ಓಡಿದರು, ಪೇಢೆ ಹಂಚಿದೆವು. ಆಮೇಲೆ ಸೇಡು. ರಜಾಕಾರರ ಸಂಗವೇ ಇಲ್ಲದ ಮುಸಲ್ಮಾನರ ಮನೆಗಳೂ ಸುಟ್ಟವು. ಮೌಲಾಲಿಯ ಹೆಂಡತಿ ನಜಮುನ್ನಿಸಾ ಮಗಳನ್ನು ಕಟ್ಟಿಕೊಂಡು ಬೇವಿನ ಮರದ ಕೆಳಗಿದ್ದಾಳೆ. ಅಂಥವರು ಬಹಳ ಮಂದಿ. ಏನಾದರೂ ಮಾಡಲೇಬೇಕು. ಮಾಡುತ್ತೇನೆ!

ಅ. 6

ಮನೆ ಕಳೆದುಕೊಂಡವರನ್ನು ಇರಿಸಲು ಮಾವನವರ ಕಮಿಟಿಗೆ ಹತ್ತಿ ಗೋದಾಮೊಂದು ಸಿಕ್ಕಿದೆ. ಎಲ್ಲರಿಗೂ ಸಾಲದು. ಯಾರಿಗೆ ಮೊದಲು? ಹಿರಿಯರೆಲ್ಲ ಕೂಗಾಡಿದರು. ಬಾಗಿಲ ಹಿಂದೆ ನಿಂತಿದ್ದವಳು ತಡೆಯಲಾರದೆ ಹೇಳಿಬಿಟ್ಟೆ — ವಿಧವೆಯರಿಗೆ. ಅವರಿಗೆ ಯಾರೂ ಇಲ್ಲವಲ್ಲ. ಎಲ್ಲ ತಿರುಗಿ ನೋಡಿದರು. ಆಮೇಲೆ ಮಾವ: "ಸೊಸಿ ಖರೇ ಅಂದಾಳ್ರಿ."

ನನ್ನ ಪ್ಲ್ಯಾನ್! ಬಾಗಿಲಲ್ಲಿ ಕೈ ನೋಡಿ ಒಳಗೆ ಬಿಡುವುದು. ಇಲ್ಲಿ ಗಂಡ ಸತ್ತರೆ ಮುಸಲ್ಮಾನರಲ್ಲೂ ಬಳೆ ಒಡೆಯುತ್ತಾರೆ. ಕಾಗದ ಬೇಡ, ಸಾಕ್ಷಿ ಬೇಡ. ಎಷ್ಟು ಸಿಂಪಲ್! ಇವರು ಮೀಸೆಯಲ್ಲೇ ನಕ್ಕರು, ಹೆಮ್ಮೆಯಿಂದ.

ಅ. 9, ಸಂಜೆ

ಮಳೆ. ನಜಮುನ್ನಿಸಾ ಇನ್ನೂ ಬೇವಿನ ಕೆಳಗೆ. ಮಗಳ ಮೈ ಕೆಂಡ. ತಾಯಿಯ ಕೈತುಂಬ ಹಸಿರು ಬಳೆ... ಗೋದಾಮು ಕಾಯುವ ಭೀಮಶಾ — ಮಣ್ಣೂರಿನವನು, ಊರಿಗೆ ಹೊಸಬ — ಕೈ ನೋಡಿ ವಾಪಸ್ ಕಳಿಸಿದ.

ಮಾವನವರನ್ನು ಕೇಳಿದೆ. "ಒಬ್ಬಾಕೀನ ಬಿಟ್ರ ಎಲ್ಲಾರ್ನೂ ಬಿಡಬೇಕಾಗ್ತದ. ನಿಯಮ ನಿಂದೇ ಅಲ್ಲೇನವಾ?" ನಮ್ಮ ಮನೆಗೆ ಕರೆತರಲೇ ಎಂದರೆ ಅತ್ತೆ ದೇವರ ಮನೆ ಕಡೆ ನೋಡಿದರು. ನವರಾತ್ರಿಯ ಘಟ ಕೂತಿದೆ, ಮಡಿ. ನಾನೂ ಹಟ ಮಾಡಲಿಲ್ಲ.

ಕೊಡೆ ಹಿಡಿದು ಹೋದೆ. "ಬಳಿ ತೆಗೆದುಬಿಡವಾ. ಜಾಗಾಕ್ಕಷ್ಟೇ."

"ತೆಗದ್ರ ಅವ ಸತ್ತಾನಂತ ನಾನೇ ಹೇಳಿದಂಗಲ್ರಿ, ಅವ್ವಾರ. ನೀವು ಗಂಡನ ಹೆಸರರ ಬಾಯಿಬಿಟ್ಟು ಹೇಳ್ತೀರೇನು?"

ಹುಡುಗಿ ಕೆಮ್ಮಿದಳು.

"ಕೂಸಿನ ಸಲುವಾಗಿ," ಅಂದೆ. ಅಂದವಳು ನಾನೇ.

ಕಲ್ಲು ಅವಳೇ ಆರಿಸಿಕೊಂಡಳು. "ಅತ್ತಾಗ ತಿರುಗ್ರಿ. ಹೊಸಾ ಮದಲಗಿತ್ತಿ. ಇದನ್ನ ನೋಡಬಾರದು."

ತಿರುಗಿ ನಿಂತೆ. ಕೇಳಿಸಿತು.

ಅ. 10

ಜ್ವರ ಇಳಿದಿದೆ. ಥ್ಯಾಂಕ್ ಗಾಡ್. ನಜಮುನ್ನಿಸಾ ಗೋದಾಮಿನ ಮೂಲೆ ಹಿಡಿದಿದ್ದಾಳೆ. ಕೈ ಸೆರಗಿನೊಳಗೆ.

ಅ. 17

ದಸರಾ ಹೋಯಿತು. ಬನ್ನಿ ಹಂಚಿದೆವು — ಬಂಗಾರದಂಗ ಇರೂಣು ಅನ್ನುತ್ತಾ. ಬರೆಯಲು ಮನಸ್ಸಾಗಿರಲಿಲ್ಲ.

ಬೆಳಿಗ್ಗೆ ಗೋದಾಮಿಗೆ ಹಾಲು ಒಯ್ದೆ. ಬೀಡಿ ಹಚ್ಚುತ್ತ ಭೀಮಶಾ ಹೇಳಿದ, "ನಿನ್ನೆ ದೀಪ ಹಚ್ಚೋ ಹೊತ್ತಿಗೆ ಒಬ್ಬಾಂವ ಬಂದಿದ್ನರಿ. ಕುಂಟತಿದ್ದ. ಮೌಲಾಲಿ ಅಂತ. ಹೆಂಡ್ತೀನ ಹುಡಕಾಕತ್ತಿದ್ದ. ಹೆಸರೂ ಹೇಳಿದ, ನಾ ಕೈ ನೋಡಿ ಬಿಡಾಂವ, ಹೆಸರ ಎಲ್ಲಿ ಕೇಳೀನ್ರಿ. ಕೈತುಂಬ ಹಸರ ಬಳಿ ಅದಾವ, ನಾನೇ ಇಡಿಸೀನಿ ಅಂದ."

"ನೀ ಏನಂದಿ?"

"ಏನನ್ನಲಿ? ಬಳಿ ಇದ್ದಾಕಿ ಒಬ್ಬಾಕೀನೂ ಇಲ್ಲಪಾ, ಇಲ್ಲಿರೋರೆಲ್ಲಾ ಗಂಡ ಸತ್ತವರು ಅಂದೆ. ಖರೇ ಅಲ್ಲೇನ್ರಿ? ಊರಾಗ ಹೋಗಾಕ ಅಂಜಿದ. ಅಳಕೋತ ಖಜೂರಿ ದಾರಿ ಹಿಡದ."

ಇವರು ಸೈಕಲ್ ಹತ್ತಿ ಖಜೂರಿವರೆಗೂ ಹೋಗಿಬಂದರು. ಕುಂಟುವವನನ್ನು ಯಾರೂ ನೋಡಿಲ್ಲ. ಅಥವಾ ನೋಡಿದ್ದನ್ನು ಹೇಳುವುದಿಲ್ಲ.

ಅದೇ ದಿನ, ಸಂಜೆ

ಅವಳಿಗೆ ಹೇಳಬೇಕು. ಬದುಕಿದ್ದಾನೆ ಎಂದು. ಬಂದಿದ್ದ ಎಂದು. ಹೋದ ಎಂದು. ಎಲ್ಲವನ್ನೂ ಒಂದೇ ಬಾಯಲ್ಲಿ ಹೇಗೆ...

ಕೈಗೆ ಟವೆಲ್ ಸುತ್ತಿಕೊಂಡು ಬರೆಯುತ್ತಿದ್ದೇನೆ. ನನ್ನ ಬಳೆಗಳ ಸದ್ದು ತಡೆಯಲಾಗುತ್ತಿಲ್ಲ.

ಅಂಗಳದಲ್ಲಿ ಯಾರೋ. ಅತ್ತೆಯ ದನಿ — "ನರ್ಮದಾ, ಬಳೆಗಾರನ ಹೆಂಡ್ತಿ ಬಂದಾಳ, ಹಾಲಿನ ತಂಬಿಗಿ ಕೊಡಾಕ. ಹುಡುಗಿ ಎದ್ದು ಅಡ್ಡಾಡಾಕತ್ತಾಳಂತ. ಇವತ್ತ ತಾಯೀನೂ ನಗಾಕತ್ತಾಳ ನೋಡು."

ಹೋಗುತ್ತೇನೆ. ಮೊದಲು ಯಾವುದನ್ನು