ನನ್ನ ಫೋನಿಗೆ ಬಂದ ಇನ್ಯಾರದೋ ಹಾಲಿನ ಡಬ್ಬಿ

ಚಿಲ್ಲರೆ ಗ್ರಾಹಕರ ಇ-ಬಿಲ್ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನು ಕೊಳ್ಳದ ಹಾಲಿನ ಪುಡಿಯ ಡಬ್ಬಿಯೊಂದರ ಬಗ್ಗೆ ನಿಮ್ಮ ವಿಭಾಗ ನನ್ನನ್ನು ಸಕಾಲದಲ್ಲಿ ಎಚ್ಚರಿಸಿದೆ. ಕೊಂಡವಳಿಗೆ ಎಚ್ಚರಿಕೆ ಹೋಗಿಲ್ಲ. ಇದೇ ಊರಿನ ಯಾವುದೋ ಮನೆಯಲ್ಲಿ ಆ ಪುಡಿಯನ್ನು ಕಲಸಿ ಒಂದು ಕೂಸಿಗೆ ಇನ್ನೂ ಕುಡಿಸುತ್ತಿರಬಹುದು. ಈ ಮಾತನ್ನು ನಿಮ್ಮ ಸಹಾಯವಾಣಿಗೂ ಅಂಗಡಿಗೂ ನಿಮ್ಮ ಕಚೇರಿಗೂ ಹೇಳಿ ಮುಗಿಸಿದ್ದೇನೆ. ಕೇಳಿಸಿಕೊಂಡವರೆಲ್ಲ ಬಹಳ ಸೌಜನ್ಯದವರು. ಸೌಜನ್ಯದಿಂದ ಏನೂ ಆಗಲಿಲ್ಲವಾದ್ದರಿಂದ ಈಗ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಮಗಳು ಹುಟ್ಟುವ ಮೊದಲು ನಾನು ಹೊಸ ಸಿಮ್ ತೆಗೆದುಕೊಂಡೆ. ಹೊಸದು ಎಂದು ಕೊಟ್ಟವರು ಹೇಳಿದ್ದು. ನಂಬರು ಹಿಂದೆ ಯಾರದೋ ಆಗಿತ್ತು. ನೀವು ಅಂಗಡಿಗಳಲ್ಲಿ ಕಾಗದದ ಬಿಲ್ಲನ್ನು ನಿಲ್ಲಿಸಿ, ಪ್ರತಿ ಗ್ರಾಹಕರ ಫೋನಿಗೂ ತೆರಿಗೆ ಬಿಲ್ಲು ಹೋಗಬೇಕೆಂದು ಆಜ್ಞೆ ಮಾಡಿದಿರಲ್ಲ, ಅವತ್ತಿನಿಂದ ಆ ಹಳೆಯ ಒಡತಿಯ ಸಂಸಾರವೆಲ್ಲ ನನ್ನ ಫೋನಿಗೆ ಬಂದು ಬೀಳತೊಡಗಿತು. ಅವಳು ಗಲ್ಲಾದಲ್ಲಿ ಅಂಗಡಿಯ ಕಾರ್ಡು ತೋರಿಸುತ್ತಾಳೆ, ಕಾರ್ಡಿಗೆ ಜೋಡಿಸಿದ್ದು ಅವಳ ಹಳೆಯ ನಂಬರೇ, ಬಿಲ್ಲು ನನಗೆ ಬರುತ್ತದೆ. ಅದರಲ್ಲಿ ಅವಳ ಹೆಸರಿಲ್ಲ, ವಿಳಾಸವಿಲ್ಲ. ಸಾಮಾನುಗಳ ಪಟ್ಟಿ ಮಾತ್ರ ಬಹಳ ಸ್ಪಷ್ಟ.

ನಮ್ಮತ್ತೆಗೆ ಇದೊಂದು ಮೋಜಾಗಿತ್ತು. "ನಿನ್ನ ಫೋನಿನ ಸವತಿ ಇವತ್ತೇನು ತಂದ್ಲೇ?" ಅಂತ ಕೇಳುವರು. "ಅಯ್ಯೋ, ಮತ್ತೆ ಸೋಪಾ? ಅಷ್ಟು ಸೋಪು ಏನ್ ಮಾಡ್ತಾಳೋ ಮಹರಾಯ್ತಿ, ತಿಂತಾಳಾ?" ನಾನೂ ನಗುತ್ತಿದ್ದೆ. ಅವಳಿಗೂ ನನ್ನಂತೆಯೇ ಎಳೆಮಗುವಿದೆಯೆಂದು ಡೈಪರಿನಿಂದ ಗೊತ್ತಾಯಿತು. ನನ್ನ ಮಗಳು ದೊಡ್ಡ ಅಳತೆಯ ಡೈಪರಿಗೆ ಹೋದ ವಾರವೇ ಅವಳ ಮಗುವೂ ಹೋಯಿತು. ಮಗಳಿಗೆ ಹಲ್ಲು ಬರುವ ಹೊತ್ತಿಗೆ ಅವಳ ಬಿಲ್ಲಿನಲ್ಲೂ ಕಚ್ಚುವ ರಬ್ಬರಿನ ಬಳೆ. ನಿದ್ದೆಯಿಲ್ಲದವಳಿಗೆ ಇಷ್ಟು ಸಾಕು, ಮಾನ್ಯರೇ. ಮುಖ ನೋಡದ ಒಬ್ಬಳು ಗೆಳತಿಯಾಗಿಬಿಡುತ್ತಾಳೆ.

ಆಮೇಲೆ ನಿಮ್ಮ ಸಂದೇಶ ಬಂತು. ಅವಳು ಕೊಂಡ ಪುಡಿಯ ಆ ಬ್ಯಾಚಿನಲ್ಲಿ ಸೋಂಕು ಪತ್ತೆಯಾಗಿದೆ, ಮಗುವಿಗೆ ಕೊಡಬೇಡಿ, ಡಬ್ಬಿಯನ್ನು ಅಂಗಡಿಗೆ ಹಿಂತಿರುಗಿಸಿ. ಇ-ಬಿಲ್ಲಿನ ಮಹಾ ಪ್ರಯೋಜನವೇ ಇದು, ಅಪಾಯದ ಸುದ್ದಿ ಕೊಂಡವರ ಕೈಗೇ ಹೋಗುತ್ತದೆ ಎಂದು ನಿಮ್ಮ ಜಾಹೀರಾತಿನಲ್ಲಿ ಓದಿದ್ದೆ. ಕೈ ಯಾರದು ಎನ್ನುವುದು ಜಾಹೀರಾತಿನಲ್ಲಿರಲಿಲ್ಲ.

ಸಹಾಯವಾಣಿಯವರು ಕೇಳಿದರು, "ಡಬ್ಬಿ ನಿಮ್ಮ ಹತ್ರ ಇದೆಯಾ ಮೇಡಂ?"

"ಇಲ್ಲ, ಬೇರೆಯವರದು."

"ಹಾಗಾದ್ರೆ ನಿಮಗೆ ತೊಂದರೆ ಏನೂ ಇಲ್ವಲ್ಲ. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಬಿಲ್ಲಿನಲ್ಲಿದ್ದ ಅಂಗಡಿಗೆ ಹೋದೆ. ಗಲ್ಲಾದ ಹುಡುಗಿ ಒಳ್ಳೆಯವಳು. "ಯಂತ್ರ ಹೆಸರು ತೋರ್ಸಲ್ಲ ಅಕ್ಕ, ಕೀಂಯ್ ಅನ್ನುತ್ತೆ ಅಷ್ಟೇ. ಅವರು ನಂಬರ್ ಬದಲಾಯಿಸ್ಬೇಕು ಅಂದ್ರೂ ಓಟಿಪಿ ಹಳೇ ನಂಬರಿಗೇ ಹೋಗೋದು" ಎಂದಳು. ಆಗಾಗ ನನ್ನ ಫೋನಿಗೆ ಬಂದು ಬೀಳುತ್ತಿದ್ದ ಆರಂಕಿಗಳು ಏನೆಂದು ಆಗ ತಿಳಿಯಿತು. ಯಾರಿಗೂ ಹೇಳಬೇಡಿ ಎಂದು ನೀವೇ ಬರೆದಿದ್ದಿರಿ, ಹೇಳಿರಲಿಲ್ಲ. ಆ ಅಂಕಿಗಳಿಗಾಗಿ ಡಬ್ಬಿಯ ಒಡತಿ ಗಲ್ಲಾದ ಮುಂದೆ ನಿಂತು ಕಾದಿರಬೇಕು. ಹುಡುಗಿ ನನ್ನ ನಂಬರನ್ನು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕ ಅಂಟಿಸಿಕೊಂಡಳು: "ನಾನಿದ್ದಾಗ ಪುಟ್ಟ ಮಗು ಇರೋರು ಬಂದ್ರೆ ಎಲ್ಲರನ್ನೂ ಕೇಳ್ತೀನಿ ಅಕ್ಕ." ಬಾಗಿಲಿಗೊಂದು ನೋಟೀಸು ಹಾಕಿ ಎಂದದ್ದಕ್ಕೆ ಮ್ಯಾನೇಜರರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆ ಬಿಲ್ಲಿನ ಎದುರು ಹಸಿರಕ್ಷರದಲ್ಲಿ ಹೀಗಿತ್ತು: ತಲುಪಿದೆ, ಓದಲಾಗಿದೆ. "ಗ್ರಾಹಕರು ಓದಿದಾರೆ ಮೇಡಂ. ಇನ್ನು ನೋಟೀಸು ಹಾಕಿ ಉಳಿದವರನ್ನ ಯಾಕೆ ಹೆದರಿಸೋದು?"

ಓದಿದ್ದು ನಾನು, ಮಾನ್ಯರೇ.

ನಿಮ್ಮ ಕಚೇರಿಯ ಗುಮಾಸ್ತರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಸಂದೇಶವನ್ನು ಯಾರೂ ತೆರೆಯದಿದ್ದರೆ ಕಾರ್ಡಿನ ಅರ್ಜಿಯಲ್ಲಿರುವ ವಿಳಾಸ ತೆಗೆಸಿ ಮನೆಗೇ ಜನ ಕಳುಹಿಸುವ ನಿಯಮವಿದೆಯಂತೆ. "ನೀವು ತೆರೀದೆ ಇದ್ದಿದ್ರೆ ನಾವೇ ಹುಡುಕ್ತಿದ್ವಿ ಅಮ್ಮ. ಈಗ ಕೇಸ್ ಮುಗಿದಿದೆ." ಓದಿಲ್ಲ ಎಂದು ತಿದ್ದಬಹುದಲ್ಲವೇ ಎಂದೆ. "ಓದಿದ್ದನ್ನ ಓದಿಲ್ಲ ಅಂತ ಹೇಗೆ ಬರೆಯೋದು, ಸುಳ್ಳಾಗಲ್ವಾ?" ವಿಳಾಸವನ್ನಾದರೂ ಕೊಡಿ ಎಂದೆ. ಅದು ಗ್ರಾಹಕರ ಖಾಸಗಿ ವಿಷಯವಂತೆ. ಅವಳು ಎಷ್ಟು ಸೋಪು ಬಳಸುತ್ತಾಳೆಂಬುದು ಖಾಸಗಿಯಲ್ಲ. ಅವಳ ಮನೆಯ ಬಾಗಿಲು ಖಾಸಗಿ. ಇದನ್ನು ನಿಮ್ಮ ಇಲಾಖೆಯಲ್ಲಿ ಯಾರು ಕುಳಿತು ಯೋಚಿಸಿದರೋ, ಅವರ ಮನೆಯಲ್ಲಿ ಎಳೆಮಕ್ಕಳಿಲ್ಲವೋ?

"ಅವರ ಮಗೂನ ಅವರು ನೋಡ್ಕೋತಾರೆ, ನೀನು ಸ್ವಲ್ಪ ಮಲಗು" ಎನ್ನುತ್ತಾರೆ ನನ್ನ ಗಂಡ. ಒಳ್ಳೆಯ ಮಾತೇ. ಆದರೆ ಮಗಳ ಬಾಟಲಿಗೆ ಪುಡಿ ಹಾಕುವಾಗಲೆಲ್ಲ ಇನ್ನೊಂದು ಚಮಚ ಇನ್ನೊಂದು ಬಾಟಲಿಯ ಮೇಲೆ ಬಾಗುವುದು ಕಣ್ಣಿಗೆ ಕಟ್ಟುತ್ತದೆ.

ಮೊನ್ನೆ ಅವಳ ಬಿಲ್ಲು ಬಂತು. ಬೇರೆ ಗಲ್ಲಾದ್ದು, ಚೀಟಿ ಅಂಟಿಸಿದ ಹುಡುಗಿಯದಲ್ಲ. ಉಪ್ಪು, ಒಂದು ಬಲ್ಬು, ಪಾತ್ರೆ ತಿಕ್ಕುವ ನಾರು. ಡೈಪರಿಲ್ಲ. ಹಾಲಿನ ಪುಡಿಯಿಲ್ಲ. ಸೋಪು ಕೂಡ ಇಲ್ಲ. ಈಗ ಅತ್ತೆ ಸವತಿ ಎನ್ನುವುದಿಲ್ಲ. ಬೆಳಗಾದರೆ "ಆ ಹುಡುಗಿ ಏನಾದ್ರೂ ತಂದ್ಲಾ?" ಎಂದು ಕೇಳುತ್ತಾರೆ. ಅವತ್ತು ಪಟ್ಟಿಯನ್ನು ಓದಿ ಹೇಳಿದೆ. "ಬೇರೆ ಅಂಗಡೀಲಿ ಅಗ್ಗಕ್ಕೆ ಸಿಕ್ಕಿರುತ್ತೆ ಕಣೇ" ಎಂದರು. ನನ್ನ ಮುಖ ನೋಡದೆ ಹೇಳಿದರು.

ಇರಬಹುದು. ನಿಮ್ಮಿಂದ ನಾನು ಪರಿಹಾರ ಕೇಳುತ್ತಿಲ್ಲ, ಯಾರ ಕೆಲಸ ತೆಗೆಸಿ ಎಂದೂ ಹೇಳುತ್ತಿಲ್ಲ. ಆ ಪರದೆಯ ಮೇಲಿನ ಹಸಿರು ಸಾಲನ್ನು ಅಳಿಸಿ. ತಲುಪಿಲ್ಲ ಎಂದು ಬರೆಯಿರಿ, ಅದು ಸುಳ್ಳಲ್ಲ. ಬರೆದ ಮೇಲೆ ನಿಮ್ಮದೇ ನಿಯಮದಂತೆ ಆ ವಿಳಾಸಕ್ಕೆ ಒಬ್ಬರನ್ನು ಕಳುಹಿಸಿ, ಕದ ತಟ್ಟಿಸಿ. ನೀವು ಮಾಡುತ್ತೀರೆಂಬ ನಂಬಿಕೆ ನನಗಿಲ್ಲ. ಈ ಪತ್ರಕ್ಕೂ ಯಾರೋ ಹಸಿರಕ್ಷರ ಒತ್ತಿ ಪಕ್ಕಕ್ಕಿಡುತ್ತಾರೆ. ಆದರೂ ಹೋದವರು ಒಂದು ಮಾತು ಬಂದು ಹೇಳಲಿ: ಒಳಗೆ ಮಗು ಅಳುತ್ತಿತ್ತೇ? ಅಳುತ್ತಿತ್ತು ಎಂದರೆ ಸಾಕು, ನಾನು ಮಲಗುತ್ತೇನೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಎಲ್ಲವನ್ನೂ ಓದಿ ತಿಳಿದುಕೊಂಡಿರುವ,
ಡಬ್ಬಿಯಿಲ್ಲದ ಗ್ರಾಹಕಿ