ನನ್ನ ಮೆಚ್ಚಿನ ರೈಟರ್

ಶಿಲ್ಪಾ ಮಿಸ್ ಅವರಿಗೆ, ಒಂಬತ್ತನೇ ತರಗತಿಯ ಪ್ರೇಮಲತಾಳ ನಮಸ್ಕಾರಗಳು.

ಇಂಗ್ಲಿಷ್ ಪ್ರಾಜೆಕ್ಟಿಗೆ ನೀವು ಕೇಳಿದ ‘ಮೆಚ್ಚಿನ ರೈಟರ್’ ಎಂದರೆ ಪುಸ್ತಕ ಬರೆಯುವವರು ಎಂದು ನನಗೆ ಆಮೇಲೆ ಗೊತ್ತಾಯಿತು. ತೋಟದ ಆಳುಗಳಿರುವ ನಮ್ಮ ಲೈನ್ ಮನೆಗಳಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವರು. ಅದಕ್ಕೇ ನಮ್ಮ ತೋಟದ ರೈಟರ್ ಹಾಲೇಶಣ್ಣನ ಬಗ್ಗೆ ಬರೆದೆ. ನೀವು ನಗಲಿಲ್ಲ. ‘ವೆರಿ ಗುಡ್’ ಹಾಕಿ, ಶನಿವಾರದ ಪ್ರದರ್ಶನಕ್ಕೆಂದು ಗೋಡೆಗೂ ಅಂಟಿಸಿದಿರಿ. ಆದರೆ ಅವತ್ತಿನ ಮುಖ್ಯ ಅತಿಥಿ ನಮ್ಮ ತೋಟದ ಸಾಹುಕಾರರೇ ಅಂತೆ.

ತೋಟದ ಕೆಲಸದ ನಡುವೆ ಅಮ್ಮನಿಗೆ ತಲೆಸುತ್ತು ಬಂದಾಗೆಲ್ಲ ಹಾಲೇಶಣ್ಣ “ಮನೆಗೆ ಹೋಗಿ ಮಲಕ್ಕೋ ಮಾರಾಯ್ತಿ, ನಾನು ನೋಡ್ಲೇ ಇಲ್ಲ” ಎಂದು ಕಳಿಸಿ, ಪೂರ್ತಿ ದಿನದ ಹಾಜರಿ ಹಾಕುತ್ತಾರೆ. ಎರಡನೇ ಪುಟದಲ್ಲಿ ಅದನ್ನೂ ಬರೆದಿದ್ದೇನೆ. ಒಳ್ಳೆಯದನ್ನೇ ಬರೆದೆ ಅಂದುಕೊಂಡಿದ್ದೆ ಮಿಸ್.

ದಯವಿಟ್ಟು ನಾಳೆಯೇ ಅದನ್ನು ಕಿತ್ತುಬಿಡಿ. ಅಲ್ಲಿಗೆ ಅಂಟಿಸಲು ಇನ್ನೊಂದನ್ನು ಇದರ ಜೊತೆ ಇಟ್ಟಿದ್ದೇನೆ. ಪಾಠದ ಪುಸ್ತಕ ನೋಡಿಕೊಂಡು ಬರೆದದ್ದು, ಅದರಿಂದ ಯಾರಿಗೂ ತೊಂದರೆಯಿಲ್ಲ.

ಇನ್ನೊಂದು ಮಾತು. ತಮ್ಮ ಬಗ್ಗೆ ಬರೆದದ್ದನ್ನು ನೋಡಲು ಹಾಲೇಶಣ್ಣ ಶನಿವಾರ ಹೊಸ ಅಂಗಿ ಹಾಕಿಕೊಂಡು ಬರುತ್ತಾರೆ. ಕೇಳಿದರೆ, ನಾನು ಬರೆದದ್ದು ಚೆನ್ನಾಗಿರಲಿಲ್ಲ, ಅದಕ್ಕೇ ಹಾಕಲಿಲ್ಲ ಎಂದು ಹೇಳಿ.

ನಿಮ್ಮ ವಿದ್ಯಾರ್ಥಿನಿ,
ಪ್ರೇಮಲತಾ